ಟ್ರಾಲಿ ದಾರಿಯ ಕಾನೂನು

ಮೊನ್ನೆ ಉಡುಪಿಯ ನಮ್ಮ ಮನೆಯ ಮಾಡು ಸರಿಮಾಡಲು ಬಂದವರು ಹಳೆಯ ಹಂಚುಗಳನ್ನು ಅಂಗಳದಲ್ಲಿ ರಾಶಿ ಹಾಕಿದ್ದರು. ಸಂಜೆ ನಾಲ್ಕು ಹನಿ ಮಳೆ ಬಿತ್ತು. ಒಡೆದ ಹಂಚಿನಿಂದ ಎದ್ದ ಮಣ್ಣಿನ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಕಾಪುವಿನಲ್ಲಿ, ಸೈಕಲ್ಲಿನ ಮೇಲೆ, ಹತ್ತೊಂಬತ್ತರ ಪ್ರಾಯದಲ್ಲಿದ್ದೆ. ನಿಮಗೂ ಹೀಗಾಗುವುದುಂಟಲ್ಲ?

ಆ ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಗೆ ರೈಲು ಬಂದಿರಲಿಲ್ಲ. ಆದರೂ ನಮಗೊಂದು ರೈಲುದಾರಿ ಇತ್ತು ಎಂದರೆ ನಗಬೇಡಿ. ಗದ್ದೆ ಬಯಲಿನಿಂದ ಹಂಚಿನ ಕಾರ್ಖಾನೆಗೆ ಆವೆಮಣ್ಣು ಸಾಗಿಸಲು ಎತ್ತರದ ಏರಿ ಹಾಕಿ, ಅದರ ಮೇಲೆ ಕಿರಿದಾದ ಹಳಿ ಹಾಸಿದ್ದರು. ಟ್ರಾಲಿಯನ್ನು ತಳ್ಳುವವರು ಮನುಷ್ಯರೇ. ಹಳಿ ಒಂದೇ ಆದ್ದರಿಂದ ಅಲ್ಲೊಂದು ಕಾನೂನಿತ್ತು. ಎದುರುಬದುರಾದರೆ ಖಾಲಿ ಟ್ರಾಲಿಯನ್ನು ಎತ್ತಿ ಕೆಳಗಿಡಬೇಕು, ತುಂಬಿದ್ದು ಮುಂದೆ ಹೋಗಬೇಕು.

ಕಾರ್ಖಾನೆ ಮುಚ್ಚಿತು. ಹಳಿ ಕಿತ್ತುಕೊಂಡು ಹೋದರು, ಅಡಿಯ ಮರದ ದಿಮ್ಮಿಗಳನ್ನೂ ಬಿಡಲಿಲ್ಲ. ಏರಿಯ ತುಂಬ ಹೊಂಡ. ಅಲ್ಲಿ ದುಡಿಯುತ್ತಿದ್ದ ಕಲ್ಯಾಣಿಯಕ್ಕ ಬೀಡಿ ಕಟ್ಟತೊಡಗಿದರು. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಿಸಲು ಏರಿಯ ಮೇಲೆ ಹತ್ತು ನಿಮಿಷ. ಮಳೆಗಾಲದಲ್ಲಿ ಹೊಂಡ ತುಂಬಿ ಸುತ್ತು ಬಳಸಿ ಹೋದರೆ ಒಂದು ಗಂಟೆ. ಅವರು ಕಾರ್ಖಾನೆಯ ಹಿಂದೆ ಬಿದ್ದಿದ್ದ ಒಡಕು ಹಂಚನ್ನು ದಿನಕ್ಕೊಂದು ಬುಟ್ಟಿಯಂತೆ ತಂದು ಹೊಂಡಗಳಿಗೆ ಸುರಿದರು. ನೋಡಿದ ಹೆಂಗಸರೂ ಸುರಿದರು, ಸೈಕಲ್ಲಿನಲ್ಲಿ ಮೀನು ಮಾರುವ ಹಸನಬ್ಬನವರೂ ಸುರಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಕೆಂಪಗಿನ ಗಟ್ಟಿ ದಾರಿಯಾಯಿತು. ಒಂದು ಚೂರು ಹಂಚನ್ನೂ ಹೊರದ ನಾನು ಮಾತ್ರ ಕಾಲೇಜಿನ ಬಸ್ಸು ಹಿಡಿಯಲು ಅದರ ಮೇಲೆ ಜೋರಾಗಿ ಸೈಕಲ್ ಬಿಟ್ಟೆ.

ಮೊದಲ ದಿನವೇ ಬೀಡಿಯ ಬುಟ್ಟಿ ಹೊತ್ತ ಕಲ್ಯಾಣಿಯಕ್ಕ ಎದುರಾದರು. ಬೆಲ್ ಬಾರಿಸಿದೆ.

"ಎಂತ ಬೆಲ್ಲು ಮಾರಾಯ? ನಿನ್ನ ಕ್ಯಾರಿಯರಿನಲ್ಲಿ ಎಂತ ಉಂಟು?"

"ಎಂತದೂ ಇಲ್ಲ."

"ಹಾಗಾದರೆ ಇಳಿ."

ಇಸ್ತ್ರಿ ಹಾಕಿದ ಪ್ಯಾಂಟಿನಲ್ಲೇ ಕೆಸರಿಗಿಳಿದೆ. ಟ್ರಾಲಿ ಹೋದರೂ ಅದರ ಕಾನೂನು ಹೋಗಿರಲಿಲ್ಲ.

ಆದರೆ ಏರಿ ಇದ್ದದ್ದು ಊರಿನ ಧಣಿಗಳ ಗದ್ದೆಯಲ್ಲಿ. ಕಾರ್ಖಾನೆ ಹೋದ ಮೇಲೆ ಜಾಗ ಅವರದೇ. ಏರಿ ಕಡಿಸಿ ಬೇಸಾಯ ಮಾಡಿಸುತ್ತೇನೆಂದು ಅವರು ಹೇಳಿಯಾಗಿತ್ತು. ದಾರಿ ಹೋದರೆ ದಿನಕ್ಕೆ ಎಷ್ಟು ಬೀಡಿ ಕಡಿಮೆಯಾಗುತ್ತದೆಂದು ಕಲ್ಯಾಣಿಯಕ್ಕನಿಗೆ ಗೊತ್ತಿತ್ತು. ಆದರೂ ಅವರು ಬೇಡಿಕೊಳ್ಳಲು ಹೋಗಲಿಲ್ಲ.

ಒಂದು ಬೆಳಿಗ್ಗೆ ಧಣಿಗಳೇ ಏರಿ ನೋಡಲು ಬಂದರು. ಬಿಳಿ ಪಂಚೆ, ಅಂಗಿಯ ಕಾಲರಿಗೆ ಸಿಕ್ಕಿಸಿದ ಕೊಡೆ. ಹಿಂದೆ ಸೈಕಲ್ ತಳ್ಳಿಕೊಂಡು ನಾನು. ಎದುರಿನಿಂದ ಕಲ್ಯಾಣಿಯಕ್ಕ ಬಂದವರು ನಿಂತುಬಿಟ್ಟರು. ಧಣಿಗಳೂ ನಿಂತರು. ನಾನು ಸೈಕಲ್ ಸಮೇತ ಕೆಳಗಿಳಿದೆ.

"ಧಣಿಗಳ ಕೈ ಖಾಲಿ ಅಲ್ವಾ?" ಎಂದರು ಕಲ್ಯಾಣಿಯಕ್ಕ, ಮೆತ್ತಗೆ.

ಧಣಿಗಳು ತಮ್ಮ ಕೈಯನ್ನೊಮ್ಮೆ, ಕಲ್ಯಾಣಿಯಕ್ಕನ ತಲೆಯ ಬುಟ್ಟಿಯನ್ನೊಮ್ಮೆ ನೋಡಿದರು. ಪಂಚೆ ಎತ್ತಿ ಕಟ್ಟಿದರು. ಮೊಣಕಾಲುದ್ದದ ಕೆಸರಿಗೆ ಇಳಿದರು. ಕಲ್ಯಾಣಿಯಕ್ಕ ದಾಟಿದ ಮೇಲೆ ಕೆಳಗಿನಿಂದಲೇ ಕೇಳಿದರು, "ಇನ್ನು ಹತ್ತಬಹುದಾ?"

"ಹಿಂದೆ ಇನ್ನೂ ಮೂವರು ಹೊತ್ತುಕೊಂಡು ಬರ್ತಿದ್ದಾರೆ ಧಣಿಗಳೇ. ಸ್ವಲ್ಪ ನಿಲ್ಲಿ."

ತಮ್ಮದೇ ಗದ್ದೆಯಲ್ಲಿ ಅವರು ನಿಂತರು. ಅಷ್ಟು ದೊಡ್ಡ ದೃಶ್ಯವನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಏರಿ ಕಡಿಯಲು ಆಳುಗಳು ಬರಲೇ ಇಲ್ಲ.

ಇದನ್ನು ಬರೆಯುತ್ತಿರುವಾಗ ಒಂದು ಮಾತು ಹೊಳೆಯಿತು. ಆ ದಾರಿಯಲ್ಲಿ ಮೂರು ವರ್ಷ ಓಡಾಡಿದ್ದೇನೆ. ನನಗಾಗಿ ಒಬ್ಬರೂ ಕೆಳಗಿಳಿದದ್ದಿಲ್ಲ. ಬೇರೆಯವರು ಇಳಿದು ದಾರಿ ಬಿಡುವಂಥ ಹೊರೆ ನನ್ನ ಬಳಿ ಒಂದು ದಿನವೂ ಇರಲಿಲ್ಲ. ಇಷ್ಟು ವರ್ಷ ಅದನ್ನು ನನ್ನ ಅದೃಷ್ಟ ಎಂದುಕೊಂಡಿದ್ದೆ.