ಯಾರೂ ಹೇಳಿಕೊಟ್ಟಿಲ್ಲ, ಮಿಸ್

ಮಗಳು ಐದು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಗೋಡೆಯ ಮೇಲಿದ್ದ ಫೋಟೋ ತೋರಿಸಿ ಕೇಳಿದಳು: "ಅಮ್ಮಾ, ತಾತ ಎಲ್ಲಿಗೋಗವ್ರೆ?"

ನಾನು ಸೀರೆಗೆ ಫಾಲ್ಸ್ ಹಚ್ಚುತ್ತಾ ಕೂತಿದ್ದೆ. ನನ್ನ ಮಾವ ತೀರಿಕೊಂಡದ್ದು ಅವಳು ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ. ಚಿನ್ನದ ಗಣಿ ಮುಚ್ಚುವ ತನಕ ನಂದಿದುರ್ಗದಲ್ಲಿ ದಿನಾ ಕೆಳಗಿಳಿದು ದುಡಿದವರು, ಕೊನೆಗೆ ಕೆಮ್ಮಿ ಕೆಮ್ಮಿಯೇ ಹೋದರು. ಫೋಟೋಗೆ ಹಾರ ಹಾಕಲು ಅತ್ತೆ ಬಿಟ್ಟಿರಲಿಲ್ಲ. ಇಷ್ಟು ಚಿಕ್ಕ ಮಗುವಿಗೆ ಸಾವಿನ ಮಾತು ಯಾಕೆ ಅನ್ನಿಸಿ, "ಕೆಳಗೆ ಕೆಲಸಕ್ಕೋಗವ್ರೆ ಕಣೇ," ಅಂದುಬಿಟ್ಟೆ.

"ಕೆಳಗೆ ಅಂದ್ರೆ?"

"ನಮ್ಮನೆ ಕೆಳಗೇನೇ. ಅಲ್ಲೂ ದಾರಿ ಐತೆ, ದೀಪ ಐತೆ, ಪುಟ್ಟ ರೈಲೂ ಐತೆ."

ಅಷ್ಟು ಸಾಕಾಯಿತು ಅವಳಿಗೆ. ಮಾರನೇ ದಿನ ಅವಳ ಬಾಯಲ್ಲಿ ತಾತ ಅಲ್ಲೊಂದು ಹಸು ಸಾಕಿದ್ದರು. ಅದು ಕಲ್ಲು ತಿಂದು ಹಳದಿ ಹಾಲು ಕೊಡುತ್ತಿತ್ತು. ಅಲ್ಲಿ ಮಳೆಯೇ ಬಾರದ್ದರಿಂದ ಯಾರಿಗೂ ಛತ್ರಿ ಗೊತ್ತಿಲ್ಲ. ಹುಟ್ಟುಹಬ್ಬಕ್ಕೆ ಛತ್ರಿ ಕೊಟ್ಟರೆ ಅದನ್ನು ತಲೆಕೆಳಗಾಗಿ ಹಿಡಿದು ಸೊಪ್ಪು ತುಂಬಿಕೊಳ್ಳುತ್ತಾರೆ. ಒಂದೊಂದು ದಿನ ಒಂದೊಂದು ಸುದ್ದಿ. ನಾನೂ ಸುಮ್ಮನಿರಲಿಲ್ಲ. "ಅಲ್ಲಿ ಕೋಳಿಗೆ ಬೆಳಗಾಗಿದ್ದು ಹೆಂಗೆ ತಿಳೀತದೆ?" ಅಂತ ಕೇಳುತ್ತಿದ್ದೆ. ಯೋಚನೆ ಮಾಡಿ ಹೇಳುತ್ತಿದ್ದಳು. ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಯ ಕೆಂಪು ನೆಲಕ್ಕೆ ಇಬ್ಬರೂ ಕಿವಿ ಹಚ್ಚಿ ಮಲಗಿ ತಾತನ ರೈಲಿನ ಸದ್ದು ಕೇಳುತ್ತಿದ್ದೆವು. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಅಷ್ಟುದ್ದದ ಹಗಲು ನಮ್ಮದೇ. ಮೊಬೈಲು ಕೊಡದೆ ಮಗು ಬೆಳೆಸುತ್ತಿದ್ದೇನೆಂದು ನನಗೆ ಒಳಗೊಳಗೇ ಜಂಬ.

ಒಂದನೇ ಕ್ಲಾಸಿನಲ್ಲಿ ಮಿಸ್ ಮನೆಯವರ ಬಗ್ಗೆ ಹೇಳಿ ಅಂದಿದ್ದರಂತೆ. ಇವಳು ಎದ್ದು ನಿಂತು, ತಾತ ಗಣಿಯಲ್ಲಿ ಕೆಲಸ ಮಾಡುತ್ತಾರೆ, ಹಸು ಸಾಕಿದ್ದಾರೆ ಅಂದಳು. ಪಕ್ಕದ ಲೈನಿನ ಹುಡುಗಿ, "ಗಣಿ ಮುಚ್ಚೋಗದೆ, ನಿಮ್ ತಾತ ಸತ್ತೋಗವ್ರೆ," ಅಂದಳು. ಇವಳು ಅವಳ ಕೈ ಕಚ್ಚಿದಳು. ನನಗೆ ಕರೆ ಬಂತು.

ಕಚ್ಚಿದ್ದಕ್ಕಿಂತ ಮಿಸ್‌ಗೆ ಬೇರೆಯದೇ ಚಿಂತೆ. "ಇಷ್ಟು ಸಲೀಸಾಗಿ ಸುಳ್ಳು ಹೇಳ್ತಾಳಲ್ಲ, ಮನೇಲಿ ಯಾರು ಹೇಳಿಕೊಡ್ತಾರೆ?"

ಬಾಗಿಲ ಹತ್ತಿರ ಇನ್ನಿಬ್ಬರು ತಾಯಂದಿರು ನಿಂತಿದ್ದರು.

"ಯಾರೂ ಹೇಳಿಕೊಟ್ಟಿಲ್ಲ, ಮಿಸ್. ಅವಳೇ ಏನೇನೋ ಕಟ್ಕೊಂಡು ಹೇಳ್ತಾಳೆ."

ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳ ತೋಳು ಹಿಡಿದು ಅಲುಗಾಡಿಸಿ, "ಇನ್ಮೇಲೆ ಸುಳ್ಳು ಹೇಳಲ್ಲ ಅಂತ ಹೇಳು," ಅಂದೆ. ಹೇಳಿದಳು. ಜೋರಾಗಿ ಹೇಳು ಅಂದೆ. ಜೋರಾಗಿ ಹೇಳಿದಳು.

ದಾರಿಯಲ್ಲಿ ನನ್ನ ಕೈ ಹಿಡಿಯಲಿಲ್ಲ. ಅರ್ಧ ದಾರಿಗೆ ಬಂದಾಗ ಕೇಳಿದಳು: "ತಾತ ಸತ್ತೋಗವ್ರಾ?"

"ಹೂಂ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೂಂ."

ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಮಿಸ್ ಮುಂದೆ ಸತ್ಯ ಹೇಳಲು ನನಗೆ ಬೇಕಿದ್ದದ್ದು ಒಂದೇ ಮಾತು, 'ನಾನೇ' ಅನ್ನುವುದು. ಅದನ್ನು ಹೇಳಲಾಗದವಳು ಮಗುವಿಗೆ ಸತ್ಯ ಕಲಿಸಲು ಹೋಗಿದ್ದೆ.

ಒಂದು ವಾರ ಬಿಟ್ಟು, ಏನೂ ಆಗಿಲ್ಲವೆಂಬಂತೆ, ಹಸು ಕರು ಹಾಕಿತಾ ಅಂತ ಕೇಳಿದೆ. "ಅದೆಲ್ಲಾ ಸುಳ್ಳು," ಅಂದು ಕಾಪಿ ಬರೆಯುತ್ತಾ ಕೂತಳು.

ನನಗಿಂತ ಹೆಚ್ಚು ಕಳೆದುಕೊಂಡವರು ಅತ್ತೆ ಅನ್ನುವುದು ತಿಂಗಳ ಮೇಲೆ ತಿಳಿಯಿತು. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ತಲೆ ಎತ್ತದೆ ಕೇಳಿದರು: "ಈ ನಡುವೆ ಮಗು ಅವರ ಸುದ್ದಿ ಏನೂ ಹೇಳಲ್ವಲ್ಲಮ್ಮಾ?" ಅಷ್ಟು ದಿನವೂ ಗೋಡೆಯಾಚೆ ಕೂತು ತಾತನ ಸುದ್ದಿ ಕೇಳಿಸಿಕೊಂಡಿದ್ದಾರೆ. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದೆ.

ಈಗ ಮಗಳು ಏಳನೇ ಕ್ಲಾಸು. ಒಳ್ಳೆ ಮಾರ್ಕ್ಸು. ಕಳೆದ ತಿಂಗಳು ಪೋಷಕರ ಸಭೆಯಲ್ಲಿ ಹೊಸ ಮೇಡಂ, "ಪ್ರಬಂಧಾನೂ ಗೈಡಿನಲ್ಲಿದ್ದ ಹಾಗೇ ಬರೀತಾಳೆ. ಸ್ವಂತದ್ದು ಒಂದು ಸಾಲೂ ಇಲ್ಲ. ಚಿಕ್ಕವಳಿದ್ದಾಗ ನೀವು ಕಥೆಗಿಥೆ ಹೇಳ್ಲಿಲ್ವಾ?" ಅಂದರು.

"ಇಲ್ಲ ಮೇಡಂ, ಟೈಮ್ ಇರ್ತಿರ್ಲಿಲ್ಲ," ಅಂದೆ. ಈ ಸಲವೂ ಅವಳು ಪಕ್ಕದಲ್ಲೇ ಇದ್ದಳು. ನನ್ನತ್ತ ನೋಡಲಿಲ್ಲ.

ಆ ಭಾನುವಾರ ತವರಿಗೆ ಹೋಗುವಾಗ ಬಂಗಾರಪೇಟೆಯಲ್ಲಿ ಅವಳಿಗೊಂದು ಕಥೆ ಪುಸ್ತಕ ಕೊಡಿಸಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಂದೇ ಉಸಿರಿಗೆ ಓದಿ ಮುಗಿಸಿ, ಮುಚ್ಚಿ ನನ್ನ ಕೈಗಿಟ್ಟಳು.

"ಓದಾಯ್ತು. ಪ್ರಶ್ನೆ ಕೇಳು."

"ಪ್ರಶ್ನೆ ಏನೂ ಇಲ್ಲ ಕಣೇ. ಸುಮ್ನೆ ಓದು ಅಂತ ತಂದೆ."

ಅವಳಿಗೆ ಅರ್ಥವಾಗಲಿಲ್ಲ. ಬ್ಯಾಗಿನಿಂದ ಗಣಿತದ ಪುಸ್ತಕ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಊರು ಬರುವ ತನಕ ಲೆಕ್ಕ ಬಿಡಿಸಿದಳು.