ಬೀರಪ್ಪ ಹುಟ್ಟಿದ ದಿನ

"ನಿಮ್ಮ ಜಿಲ್ಲೆಯಲ್ಲಿ ಮಕ್ಕಳು ವರ್ಷಕ್ಕೆ ಒಂದೇ ದಿನ ಹುಟ್ಟುತ್ತಾರೆಯೇ?"

ಪಶ್ಚಿಮ ಜರ್ಮನಿಯ ಈ ಊರಿಗೆ ಬಂದು ಒಂದೂವರೆ ವರ್ಷವಾದ ಮೇಲೆ, ಪರದೇಶದವರ ನೋಂದಣಿ ಕಚೇರಿಯ ಗುಮಾಸ್ತೆಯೊಬ್ಬರು ನನ್ನನ್ನು ಹೀಗೆ ಕೇಳಿದರು. ಅದು ಗೇಲಿಯಾಗಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ. ಅವರ ಮುಂದೆ ಬಿಜಾಪುರ ಜಿಲ್ಲೆಯ ಮೂವರು ವಿದ್ಯಾರ್ಥಿಗಳ ಕಡತಗಳಿದ್ದವು. ಒಬ್ಬ ಇಳಕಲ್ಲಿನವನು, ಒಬ್ಬ ಕಲಾದಗಿಯವನು, ಮೂರನೆಯವನು ನನ್ನ ಪಕ್ಕದಲ್ಲೇ ನಿಂತಿದ್ದ ಬೀರಪ್ಪ. ಮೂವರ ಹುಟ್ಟಿದ ದಿನವೂ ಜೂನ್ ಒಂದು.

ಬೀರಪ್ಪ ಕುಳಗೇರಿ ಕ್ರಾಸಿನ ಹತ್ತಿರದ ಹಟ್ಟಿಯವನು, ಕುರಿ ಕಾಯುವವರ ಮಗ. ಇಲ್ಲಿ ಕುರಿಗಳ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ. ಪ್ರಬಂಧ ಮುಗಿಯಲು ಇನ್ನೊಂದು ವರ್ಷ ಬೇಕು. ನಾನು ಬಾದಾಮಿಯವಳು, ಇತಿಹಾಸ ಓದಲು ವಿನಿಮಯ ಯೋಜನೆಯಲ್ಲಿ ಬಂದವಳು. ಅವನ ಹಟ್ಟಿಯ ಸಾಲೆಯಲ್ಲಿ ಮಾಸ್ತರಾಗಿದ್ದವರು ನನ್ನ ಅಪ್ಪ. ಆ ನಂಟಿನಿಂದಲೇ ಅವನು ನನ್ನನ್ನು ಅಕ್ಕಾರ ಎನ್ನುತ್ತಾನೆ. ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೂ ಅವನು ನನಗೆ 'ರಿ' ಹಚ್ಚುತ್ತಾನೆ, ನಾನು ಅವನನ್ನು ನೀ ಎನ್ನುತ್ತೇನೆ. ಏಳು ಸಾವಿರ ಕಿಲೋಮೀಟರು ದಾಟಿ ಬಂದರೂ ನಮ್ಮ ನಾಲಿಗೆ ಮಾತ್ರ ಹಟ್ಟಿಯ ಹೊರಗೇ ನಿಂತಿದೆ.

ಈ ಊರು ಕೆಟ್ಟದ್ದಲ್ಲ. ನಾನಿರುವುದು ಒಬ್ಬ ಮುದುಕಿಯ ಮನೆಯ ಮಾಳಿಗೆಯ ಕೋಣೆಯಲ್ಲಿ. ಮೊದಲ ಭಾನುವಾರ ಊರಿನಿಂದ ತಂದ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದೆ. ಕೆಳಗಿನಿಂದ ಕೋಲಿನ ಸದ್ದು ಬಂತು. ಭಾನುವಾರ ಇಲ್ಲಿ 'ರೂಹೆ', ಎಂದರೆ ಸದ್ದಿಲ್ಲದೆ ಇರಬೇಕಾದ ಹೊತ್ತು. ನಮ್ಮಲ್ಲಿ ರೊಟ್ಟಿಯ ಸದ್ದು ನಿಂತ ಮನೆಗೆ ನೆರೆಯವರು ಓಡಿ ಬಂದು ಏನಾಯಿತೆಂದು ಕೇಳುತ್ತಾರೆ, ಇಲ್ಲಿ ಸದ್ದು ಕೇಳಿದರೆ ಓಡಿ ಬರುತ್ತಾರೆ. ಮೇಲೆ ಬಂದ ಮುದುಕಿ ರೊಟ್ಟಿಯ ಅಂಚು ಮುರಿದು ತಿಂದರು, ಬಡಿಯುವ ಕೆಲಸ ಶನಿವಾರಕ್ಕೆ ಇಟ್ಟುಕೋ ಎಂದರು. ಅಂದಿನಿಂದ ಪ್ರತಿ ಶನಿವಾರ ಅವರಿಗೂ ಒಂದು ರೊಟ್ಟಿ. ಮನುಷ್ಯರ ನಡುವಿನ ಕಟ್ಟಳೆಗಳು ಇಷ್ಟು ಸುಲಭವಾಗಿ ಬಾಗುತ್ತವೆ. ಕಾಗದದ ಕಟ್ಟಳೆಗಳು ಹಾಗಲ್ಲ.

ಇಲ್ಲಿಯ ಆಡಳಿತ ಪರದೇಶದ ವಿದ್ಯಾರ್ಥಿಗಳ ವಾಸದ ನಿಯಮವನ್ನು ತಿದ್ದಲು ಕರಡೊಂದನ್ನು ಸಿದ್ಧಪಡಿಸಿದೆ. ಇದುವರೆಗೆ ಓದು ಮುಗಿಯುವತನಕ ಒಂದೇ ಪರವಾನಿಗೆ ಸಾಕಿತ್ತು. ಇನ್ನು ಮುಂದೆ ವರ್ಷವರ್ಷವೂ ಹೊಸದಾಗಿ ಬೇಡಬೇಕು, ಪ್ರತಿಸಲವೂ ಎಲ್ಲ ಮೂಲ ದಾಖಲೆಗಳ ತನಿಖೆಯಾಗಬೇಕು, ಅನುಮಾನಕ್ಕೆ ಒಳಗಾದವರು ಊರಿಗೆ ಮರಳಿ ಅಲ್ಲಿಂದಲೇ ಅರ್ಜಿ ಹಾಕಬೇಕು. ಕರಡು ಇನ್ನೂ ಚರ್ಚೆಯಲ್ಲಿದೆ. ಆದರೆ ಕಚೇರಿ ಈಗಾಗಲೇ ಅದರಂತೆ ನಡೆಯುತ್ತಿದೆ. ಇನ್ನೂ ಹುಟ್ಟದ ನಿಯಮವೊಂದು, ಹುಟ್ಟಿ ಮೂವತ್ತು ವರ್ಷವಾಗುತ್ತ ಬಂದ ಮನುಷ್ಯನಿಂದ ಅವನ ಹುಟ್ಟಿಗೆ ಪುರಾವೆ ಕೇಳುತ್ತಿದೆ!

ಆ ದಿನ ನನ್ನ ಕಾಗದಗಳಿಗೆ ಹತ್ತು ನಿಮಿಷದಲ್ಲಿ 'ಸ್ಟೆಂಪೆಲ್' ಬಿತ್ತು. ಸ್ಟೆಂಪೆಲ್ ಎಂದರೆ ಮೊಹರು, ನಮ್ಮ ಕಡೆಯ ಮಾತಿನಲ್ಲಿ ಸಿಕ್ಕಾ. ಬೀರಪ್ಪನಿಗೆ ಸಿಕ್ಕಿದ್ದು ಎರಡು ತಿಂಗಳ ಗಡುವು. ಅಷ್ಟರೊಳಗೆ ಹುಟ್ಟಿದ ದಿನವನ್ನು ಸಾಬೀತುಮಾಡಬೇಕು, ಇಲ್ಲವೇ ವಿಮಾನ ಹತ್ತಬೇಕು. ಪ್ರಯೋಗಾಲಯದಲ್ಲಿ ಅವನ ನಾಲ್ಕು ವರ್ಷದ ದುಡಿಮೆ ಅರ್ಧಕ್ಕೆ ನಿಂತಂತೆಯೇ.

ಪಡಸಾಲೆಗೆ ಬಂದಾಗ ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ ಅಕ್ಕಾರ," ಎಂದ ಬೀರಪ್ಪ. "ನಮ್ಮ ಸಾಲ್ಯಾಗ ಇಡೀ ಒಂದನೇ ಕ್ಲಾಸ ಅವತ್ತ ಹುಟ್ಟೇತಿ. ಹುಡುಗ್ರು, ಹುಡುಗ್ಯಾರು, ಎಲ್ಲಾರೂ. ನಮ್ಮ ಸೂಲಗಿತ್ತಿ ಯಾರ್ ಗೊತ್ತೇನ್ರಿ? ನಿಮ್ಮಪ್ಪಾರು!"

ನನ್ನ ನಗು ಅಲ್ಲೇ ನಿಂತಿತು.

ಸಾಲೆ ತೆರೆಯುವ ದಿನಕ್ಕೆ, ಎಂದರೆ ಜೂನ್ ಒಂದಕ್ಕೆ, ಆರು ವರ್ಷ ತುಂಬಿರಬೇಕೆಂಬುದು ಕಾಯಿದೆ. ಅಪ್ಪ ಬಿಸಿಲಲ್ಲಿ ಹಟ್ಟಿಹಟ್ಟಿಗೆ ನಡೆದು, ಕುರಿಯ ಹಿಂದೆ ಹೋಗಲಿದ್ದ ಮಕ್ಕಳನ್ನು ಕೈಹಿಡಿದು ಕರೆತಂದವರು. ಸೇರಿಸಿಕೊಳ್ಳಲು ಅನುಕೂಲವಾಗಲೆಂದು, ಜಿಲ್ಲೆಯ ಉಳಿದ ಮಾಸ್ತರರಂತೆ, ಎಲ್ಲರಿಗೂ ಜೂನ್ ಒಂದು ಬರೆದರು. ಕರುಣೆಯಿಂದಲೇ ಬರೆದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಕೈ ಮಗಳ ಹುಟ್ಟನ್ನು ಮರುದಿನವೇ ಪುರಸಭೆಯಲ್ಲಿ ಬರೆಸಿತ್ತು, ಜಾತಕದಲ್ಲಿ ಘಳಿಗೆ ಸಮೇತ ಗುರುತಿಸಿತ್ತು.

ವಿದ್ಯಾರ್ಥಿಗಳ ಪತ್ರಿಕೆಗೆ ನಾನು ಉರಿದುರಿದು ಬರೆದೆ. ಈ ಕರಡಿನ ಕೆಳಗೆ ಒಬ್ಬರ ಹೆಸರಿರಲಿ, ಇದರಿಂದ ಕೆಡುವ ಬದುಕುಗಳಿಗೆ ಒಬ್ಬರಾದರೂ ಉತ್ತರ ಹೇಳಲಿ ಎಂದೆ. ಅದೇ ಸಂಜೆ ಅಪ್ಪನಿಗೂ ಅದೇ ಮಾತನ್ನು ಬರೆದೆ: "ನೀವು ಬರೆದ ತಾರೀಖಿಗೆ ನೀವೇ ಉತ್ತರ ಕೊಡಬೇಕು."

ಆರು ವಾರಕ್ಕೆ ದಪ್ಪ ಲಕೋಟೆ ಬಂತು. ಅಪ್ಪ ಬಾದಾಮಿಯಿಂದ ಬಸ್ಸಿನಲ್ಲಿ ಕುಳಗೇರಿ ಕ್ರಾಸಿಗೆ ಹೋಗಿ, ಅಲ್ಲಿಂದ ಕುರಿ ನಿಲ್ಲಿಸಿದ್ದ ಹೊಲ ಹುಡುಕಿಕೊಂಡು ನಡೆದು, ಬೀರಪ್ಪನ ತಾಯಿಯನ್ನು ಕಂಡಿದ್ದರು. ಆಕೆ ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆದುಕೊಂಡಿದ್ದರು. ಜೀವಮಾನವೆಲ್ಲ ಮಕ್ಕಳ ಮಾತನ್ನು ತಿದ್ದಿದ ಮಾಸ್ತರು!

"ಬನ್ನಿ ಮುಡದ ಮೂರನೇ ದಿನಾರಿ. ಮುಂಜಾನಿ ಹಾಲ ಹಿಂಡೂ ಹೊತ್ತು. ಹಟ್ಟಿ ಮುಟ್ಟಾಕ ಆಗಲಿಲ್ಲ, ಹೊಲದಾಗ ಹಡದೆ. ಹಿಂದಿನ ವರ್ಷ ಹೊಳಿ ಬಂದು ನಮ್ಮ ಹನ್ನೆರಡು ಕುರಿ ಹೋಗಿದ್ವು. ನನಗೆಲ್ಲಾ ನೆನಪೈತಿ. ಅವತ್ತ ಕೇಳಿದ್ರ ಅವತ್ತ ಹೇಳ್ತಿದ್ದೆ. ನೀವು ನನ್ನ ಕೇಳಲೇ ಇಲ್ಲಲ್ರಿ ಮಾಸ್ತರ."

ಅದರ ಕೆಳಗೆ ಅಪ್ಪ ಹೊಳೆ ಬಂದ ವರ್ಷವನ್ನು ಹಿಡಿದು, ಹಳೆಯ ಪಂಚಾಂಗ ತೆರೆದು, ವಿಜಯದಶಮಿಯಿಂದ ಎಣಿಸಿ ತಾರೀಖು ಲೆಕ್ಕಹಾಕಿದ್ದರು, ಅದು ಅದೇ ವರ್ಷದ ಅಕ್ಟೋಬರಿನ ಒಂದು ದಿನ. ಬಳಿಕ ಬಾದಾಮಿಯ ನ್ಯಾಯಾಲಯದಲ್ಲಿ ಪ್ರಮಾಣಮಾಡಿ ಬರೆಸಿದ ಪತ್ರ: ಮೊದಲಿನ ತಾರೀಖನ್ನು ವಿಚಾರಿಸದೆ ಬರೆದವನು ನಾನು, ತಪ್ಪು ನನ್ನದು. ಸಹಿ. ನನಗೆಂದು ಒಂದು ಸಾಲೂ ಇರಲಿಲ್ಲ.

ಗಡುವಿನ ದಿನ ಅದನ್ನೆಲ್ಲ ಜರ್ಮನ್ ಭಾಷೆಗೆ ತಂದು ಗುಮಾಸ್ತೆಯ ಮುಂದಿಟ್ಟೆ. ಅವರು ಎರಡು ಸಲ ಓದಿದರು. "ಹಾಗಾದರೆ ಸರಕಾರಿ ದಾಖಲೆಯಲ್ಲಿ ಸುಳ್ಳು ತಾರೀಖು ಬರೆಯಲಾಗಿದೆ. ಬರೆದ ಈ ವ್ಯಕ್ತಿ ಈಗ ಎಲ್ಲಿದ್ದಾರೆ?"

ಬೀರಪ್ಪ ನನ್ನ ಮೊಣಕೈ ತಿವಿದ. "ಮಾಸ್ತರು ತೀರ್‌ಕೊಂಡಾರಂತ ಹೇಳಿಬಿಡ್ರಿ ಅಕ್ಕಾರ. ಸತ್ತಾವರನ್ನ ಯಾರೂ ಜಗ್ಗಾಡೂದಿಲ್ಲ."

"ಸುಮ್ನಿರೋ," ಎಂದೆ. ಆಮೇಲೆ ಅವರ ಭಾಷೆಯಲ್ಲಿ ಹೇಳಿದೆ: "ಬದುಕಿದ್ದಾರೆ. ಅವರು ನನ್ನ ತಂದೆ."

ಆಕೆ ಕಡತ ಹಿಡಿದು ಒಳಗೆ ಹೋದರು. ಮರಳಿದಾಗ ದನಿ ಮೆತ್ತಗಾಗಿತ್ತು. ಬರೆದವರೇ ತಪ್ಪೊಪ್ಪಿಕೊಂಡಿರುವುದರಿಂದ ಬೀರಪ್ಪನನ್ನು ಯಾರೂ ಮೋಸಗಾರನೆನ್ನುವುದಿಲ್ಲ, ಅವನ ವಾಸವನ್ನು ಒಂದು ವರ್ಷ ಮುಂದುವರಿಸಲಾಗಿದೆ ಎಂದರು. ಆದರೆ ಒಂದಕ್ಕೊಂದು ಹೊಂದದ ಎರಡು ತಾರೀಖುಗಳಿದ್ದಾಗ ಎರಡನ್ನೂ ಒಪ್ಪುವಂತಿಲ್ಲ. ದಿನ ಗೊತ್ತಿಲ್ಲದವರಿಗೆ ಬರೆಯುವ ಹಾಗೆ ಬರೆಯಬೇಕಾಗುತ್ತದೆ. ಟೈಪು ಯಂತ್ರ ನಾಲ್ಕು ಸಲ ಒಂದೇ ಅಂಕಿ ಹೊಡೆಯಿತು. ದಿನ ಸೊನ್ನೆ ಸೊನ್ನೆ, ತಿಂಗಳು ಸೊನ್ನೆ ಸೊನ್ನೆ. ಎರಡರಲ್ಲೂ ಒಂದೇ ಆಗಿದ್ದ ವರ್ಷ ಮಾತ್ರ ಉಳಿಯಿತು. "ಗೆನೌ," ಎಂದರು ಆಕೆ. ಸರಿಯಾಗಿ, ಕರಾರುವಾಕ್ಕಾಗಿ ಎಂದು ಅದರ ಅರ್ಥ.

ನಮ್ಮ ಕಡೆಯ ಮಾಸ್ತರುಗಳೇ, ಪಾಠ ಹೇಳುವ ಅಕ್ಕೋರೇ, ಜೂನಿನಲ್ಲಿ ಹಾಜರಿ ಪುಸ್ತಕ ಬಿಚ್ಚಿದಾಗ ಬಾಗಿಲಲ್ಲಿ ನಿಂತ ಆ ತಾಯಿಯನ್ನು ಕೇಳಿರಿ. ಆಕೆಗೆ ಗೊತ್ತಿದೆ. ಇಲ್ಲಿಯ ಕರಡು ಬರೆದವರನ್ನೂ ನಾನು ಬಿಡುವುದಿಲ್ಲ. ಆದರೆ ಅವರತ್ತ ಬೆರಳು ತೋರಿಸುವಾಗ ನನ್ನ ಮನೆಯೂ ಆ ಬೆರಳಿನ ದಾರಿಯಲ್ಲೇ ಬರುತ್ತದೆ.

ಟ್ರಾಮ್ ನಿಲ್ದಾಣದಲ್ಲಿ ಬೀರಪ್ಪ ಹೊಸ ಕಾಗದವನ್ನು ಬಹಳ ಹೊತ್ತು ನೋಡಿದ.

"ವರ್ಷ ಸಿಕ್ತಲ್ಲೋ, ಪ್ರಬಂಧ ಮುಗಿತೈತಿ. ಖುಷಿ ಇಲ್ಲೇನು?" ಎಂದೆ.

"ಖುಷಿ ಭಾಳ ಐತ್ರಿ," ಎಂದ. ಕಾಗದ ಮಡಚಿ ಕಿಸೆಗಿಟ್ಟ. "ಜೂನ್ ಒಂದು ನಿಮ್ಮಪ್ಪಾರು ಕೊಟ್ಟಿದ್ದು. ಈ ಸೊನ್ನಿ ಇವ್ರು ಕೊಟ್ಟಿದ್ದು. ನಮ್ಮವ್ವ ಕೊಟ್ಟಿದ್ದು ಎರಡೂ ಕಡೆ ಇಲ್ಲ ನೋಡ್ರಿ."

ಟ್ರಾಮ್ ಬಂತು. ಜಾಗವಿದ್ದರೂ ಇಬ್ಬರೂ ನಿಂತೇ ಹೋದೆವು. ನನ್ನ ಹುಟ್ಟನ್ನು ಎರಡು ದೇಶಗಳೂ ಮರುಮಾತಿಲ್ಲದೆ ನಂಬುತ್ತವೆ. ಅವನ ಪಕ್ಕದಲ್ಲಿ ನಿಂತಾಗ, ಆ ಎರಡರಲ್ಲಿ ಯಾವುದನ್ನೂ ನನ್ನದೆಂದು ಹೇಳಲು ನನಗೆ ಬಾಯಿ ಬರಲಿಲ್ಲ.