ಅಪ್ಪನ ಮೊಳ

ಧಾರವಾಡದಲ್ಲಿ ನಮ್ಮ ಮನೆಗೆ ಹೂ ತರುತ್ತಿದ್ದ ಮುದುಕಿಗೂ ಅವ್ವನಿಗೂ ದಿನಾ ಜಗಳ. ನಮ್ಮವ್ವನೇ ಕುಳ್ಳಿ, ಮುದುಕಿ ಅವಳಿಗಿಂತ ಕುಳ್ಳಿ. "ನಿನ್ನ ಮೊಳ ಬ್ಯಾಡ, ನನ್ನ ಮೊಳದಾಗ ಅಳದು ಕೊಡು" ಎಂದು ಅವ್ವ ಮುಂಗೈ ಚಾಚಿ ನಿಲ್ಲುತ್ತಿದ್ದಳು. ಮೊಳ ಎಂದಾಗ ಯಾರ ಮೊಳ ಎಂದು ಕೇಳಬೇಕು ಎಂಬುದನ್ನು ನಾನು ಅಂಗಳದಲ್ಲೇ ಕಲಿತವಳು. ಐವತ್ತು ದಾಟಿದ ಮೇಲೆ, ಕೆನಡಾದ ಸ್ಕಾರ್‌ಬರೋದ ಅಡುಗೆಮನೆಯಲ್ಲಿ ಕೂತು, ಅದನ್ನೇ ಕೇಳಲು ಮರೆತೆ.

ಅಪ್ಪ ಪೊಲೀಸರ ಶಸ್ತ್ರಾಗಾರದಲ್ಲಿ ಬಂದೂಕು ರಿಪೇರಿ ಮಾಡುವ ಹವಾಲ್ದಾರನಾಗಿದ್ದ. ಮೂವತ್ತು ವರ್ಷ ಅದೇ ಕೆಲಸ. ಎಷ್ಟೋ ಬಂದೂಕು ಅವನ ಕೈಯಲ್ಲಿ ಹಾದುಹೋದವು, ಒಂದೂ ಅವನದಲ್ಲ. ವರ್ಷಕ್ಕೊಮ್ಮೆ ದಸರೆಯ ಖಂಡೇಪೂಜೆಯ ದಿನ ಮನೆಮಂದಿಯನ್ನು ಒಳಗೆ ಬಿಡುತ್ತಿದ್ದರು. ಜಮಖಾನದ ಮೇಲೆ ಬಂದೂಕುಗಳ ಸಾಲು, ಒಂದೊಂದಕ್ಕೂ ಕುಂಕುಮ, ಚೆಂಡುಹೂ. ಓಣಿಯ ಗೆಳತಿಯರ ಮುಂದೆ ನಾನು "ಇವೆಲ್ಲಾ ನಮ್ಮಪ್ಪನವು" ಎಂದು ಬಡಾಯಿ ಕೊಚ್ಚಿದರೆ ಅಪ್ಪ ಅಲ್ಲೇ ತಿದ್ದುತ್ತಿದ್ದ: "ನಮ್ಮವಲ್ಲವ್ವಾ, ಸರಕಾರದವು." ಅವನ ಸೈಕಲ್ಲು, ಸ್ವೆಟರು, ಬೂಟು ಎಲ್ಲದಕ್ಕೂ ಅದೇ ಉತ್ತರ. ಅವ್ವ ಸಿಟ್ಟಿಗೆದ್ದಾಗ "ನಾನರ ನಿಮ್ಮಾಕಿ ಹೌದೋ, ಸರಕಾರದಾಕಿನೋ" ಎಂದು ಕೇಳುತ್ತಿದ್ದಳು.

ಒಂದು ಖಂಡೇಪೂಜೆಗೆ ಖಾಲಿ ಬಂದೂಕೊಂದನ್ನು ನನ್ನ ಕೈಗೆ ಕೊಟ್ಟ. ಹೆಗಲಿಗೆ ಆನಿಸಿದೆ. ಕೆನ್ನೆ ಎಲ್ಲೋ, ಕಣ್ಣು ಎಲ್ಲೋ, ಬೆರಳು ಕುದುರೆಗೆ, ಎಂದರೆ ಟ್ರಿಗರಿಗೆ, ಎಟುಕಲೇ ಇಲ್ಲ. "ಸರಕಾರಿ ಬಂದೂಕು ಎಲ್ಲಾರಿಗೂ ಒಂದ ಅಳತಿ. ಅದಕ್ಕ ಯಾರಿಗೂ ಸರಿ ಹೊಂದಂಗಿಲ್ಲ. ಸ್ವಂತದ್ದು ಅಂದ್ರ ತೋಳಿನ ಅಳತಿಗೆ ಮಾಡಿಸಬೇಕು, ಅಂಗಿ ಹೊಲಿಸಿದಂಗ" ಎಂದ. ಉಳಿದವರು ಸ್ವಂತ ಸೈಟಿನ ಬಗ್ಗೆ ಆಡುವ ದನಿಯಲ್ಲಿ ಅವನು ಈ ಮಾತು ಆಡಿದ್ದ. ಅದು ಆಸೆ ಎಂದು ನನಗೆ ಆಗ ತಿಳಿಯಲಿಲ್ಲ.

ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ನಾನೂ ನಾಲ್ಕು ಗುಂಡು ಹೊಡೆದೆ. ಆಮೇಲೆ ಮದುವೆ, ಮಕ್ಕಳು, ಕೆನಡಾ. ನಾರ್ತ್ ಯಾರ್ಕಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಟೋಪಿಗಳನ್ನು ಅರದಿಂದ ತಿದ್ದುವುದು ನನ್ನ ಕೆಲಸ. ಮಕ್ಕಳು ಮನೆ ಬಿಟ್ಟ ಮೇಲೆ ಶನಿವಾರ, ಭಾನುವಾರ ಕೂತು ಬಂದೂಕಿನ ಲೈಸೆನ್ಸಿನ ಕೋರ್ಸ್ ಮುಗಿಸಿದೆ, ಗುಂಡು ಹೊಡೆಯುವ ರೇಂಜಿಗೆ ಹೋಗತೊಡಗಿದೆ. ಇಲ್ಲಿ ಭಾಗಗಳನ್ನು ಬೇರೆ ಬೇರೆ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವವರಿದ್ದಾರೆ ಎಂದು ಒಂದು ದಿನ ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ಹೇಳಿದೆ. ಅವನು ಫೋನಿಗೆ ಮುಖ ಹತ್ತಿರ ತಂದ.

"ಅಳತಿಗೆ ಮಾಡಿ ಕೊಡ್ತಾರೇನು?" ಎಂದು ಕೇಳಿದ.

"ಕೊಡ್ತಾರ."

"ಹಂಗಾರ ಮಾಡಸು."

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೋ ಕಾಲು, ನಮ್ಮ ಚಹಾದ ಹೊತ್ತು, ಅವನ ಸಂಜೆ. ಮೊದಲು ಬಂದೂಕಿನ ಮೈ, ಲೈಸೆನ್ಸ್ ತೋರಿಸಿ ಕೊಳ್ಳಬೇಕಾದ ಭಾಗ. ಅದನ್ನು ಕ್ಯಾಮೆರಾದ ಮುಂದೆ ತಿರುಗಿಸಿ ತಿರುಗಿಸಿ ತೋರಿಸಿದೆ. ಗುಂಡನ್ನು ಒಳಗೆ ತಳ್ಳುವ ಬೋಲ್ಟನ್ನು ಹಿಂದೆ ಮುಂದೆ ಮಾಡಿಸಿ ಕಣ್ಣು ಮುಚ್ಚಿ ಸದ್ದು ಕೇಳಿದ. ಆಮೇಲೆ ನಳಿಕೆ. ನಾನು ಹಗುರಾದದ್ದನ್ನು ಆರಿಸಿದ್ದೆ. "ಹಗುರ ಅಂತ ತಗೋಬ್ಯಾಡ, ಕಾದ ಮ್ಯಾಲೆ ಗುಂಡು ಬ್ಯಾರೆ ಊರಿಗೆ ಹೋಗ್ತದ" ಎಂದು ದಪ್ಪನೆಯದನ್ನು ತರಿಸಿದ. ಕುದುರೆಗೆ ಮೂರು ವಾರ ಹಿಡಿಯಿತು. ಬಟ್ಟಿಗೆ, ಎಂದರೆ ಹೆಗಲಿಗೆ ಆನುವ ಮರದ ಭಾಗಕ್ಕೆ, ಪ್ಲಾಸ್ಟಿಕ್ಕಿನದು ಸಸ್ತಾ ಅಂದೆ. "ಪ್ಲಾಸ್ಟಿಕ್ ಹಿಡಕೊಳ್ಳಾಕ ಅದೇನ ನೀರಿನ ಕೊಡಾ ಏನು?" ಎಂದು ಮುಖ ತಿರುಗಿಸಿದ. ಅಖರೋಟಿನ ಮರವೇ ಆಗಬೇಕಿತ್ತು.

ನನ್ನ ಗಂಡ ಹುಬ್ಬಳ್ಳಿಯವನು, ಬಾಯಿ ಸುಮ್ಮನಿರುವುದಿಲ್ಲ. "ನನ್ನ ನೋಡಾಕ ಬಂದಾಗ ನಿಮ್ಮಪ್ಪ ಎರಡ ಕ್ವೆಶ್ಚನ್ ಕೇಳಿದ್ರು. ಈ ಪೈಪಿಗೆ ನಲವತ್ತು ಕೇಳ್ಯಾರ" ಎಂದು ಚಹಾ ಹಿಡಿದು ಹಿಂದಿನಿಂದ ಇಣುಕುತ್ತಿದ್ದ. ಅಪ್ಪನಿಗೆ ಕೇಳಿಸಿತು. "ಗುಂಡು ಒಮ್ಮೆ ಹೋದ್ರ ತಿರುಗಿ ಬರಂಗಿಲ್ಲ. ಅಳಿಯಂದಿರು ಬರ್ತಾರ" ಎಂದ. ನಮ್ಮಪ್ಪ ಇಷ್ಟು ಮಾತಾಡಬಲ್ಲ ಎಂದು ನನಗೆ ಗೊತ್ತಾದದ್ದೇ ಆ ಭಾನುವಾರಗಳಲ್ಲಿ.

ಅವನಿಗೆ ವೀಸಾ ಆಗಿತ್ತು. ಮೇ ತಿಂಗಳಿಗೆ ಟಿಕೆಟ್ಟು. "ಒಂದ ಗುಂಡು ಸಾಕವ್ವಾ ನನಗ. ನಮ್ಮದು ಅನ್ನೋ ಬಂದೂಕಿಲೆ ಒಂದ ಗುಂಡು" ಎನ್ನುತ್ತಿದ್ದ. ರೇಂಜಿನಲ್ಲಿ ವಿಚಾರಿಸಿಯೂ ಬಂದೆ. ನಾನು ಪಕ್ಕದಲ್ಲೇ ನಿಂತಿದ್ದರೆ ಅಪ್ಪನೂ ಹೊಡೆಯಬಹುದು ಎಂದರು.

ಕೊನೆಗೆ ಉಳಿದದ್ದು ಬಟ್ಟಿನ ಉದ್ದ. ಕ್ಲೈನ್‌ಬರ್ಗ್ ಎಂಬ ಊರು ದಾಟಿದ ಮೇಲೆ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಮುದುಕ ಮರ ಕೆತ್ತಿ ಕೊಡಲು ಒಪ್ಪಿದ್ದ, ಉದ್ದ ಬರೆದು ಕಳಿಸು ಎಂದಿದ್ದ. "ಎಷ್ಟಿಡಲಿ ಅಪ್ಪಾ?" ಅಂದೆ. ಅಪ್ಪ ತನ್ನ ಹಳೆಯ ಉಕ್ಕಿನ ಸ್ಕೇಲು ತಂದ. ತೋಳು ಮಡಚಿದ, ಸ್ಕೇಲಿನ ತುದಿಯನ್ನು ಮೊಳಕೈಯ ಮಡಿಕೆಗೆ ಒತ್ತಿದ, ತೋರುಬೆರಳು ಕುದುರೆಯ ಮೇಲಿದ್ದಂತೆ ಬಾಗಿಸಿದ, ಕನ್ನಡಕ ಹಣೆಗೇರಿಸಿ ಓದಿದ. "ಹದಿನಾಲ್ಕೂ ಕಾಲು ಇಂಚು." ನಾನು ಬರೆದುಕೊಂಡೆ. ಆ ಬಾಗಿದ ಬೆರಳು ನೋಡುತ್ತ ನನಗೆ ಬೇರೇನೂ ಹೊಳೆಯಲಿಲ್ಲ.

ಫೆಬ್ರವರಿಯಲ್ಲಿ ಅಪ್ಪ ಹೋದ. ಬೆಳಿಗ್ಗೆ ಹಲ್ಲುಜ್ಜಲು ಎದ್ದವನು ಬಚ್ಚಲ ಕಟ್ಟೆಯ ಮೇಲೆ ಕೂತಲ್ಲೇ. ನಾನು ಹೋಗಿ ಹದಿನೈದು ದಿನ ಇದ್ದು ಬಂದೆ. ಬಂದೂಕಿನ ಭಾಗಗಳು ಬೇಸ್‌ಮೆಂಟಿನ ಬೀಗದ ಕಪಾಟಿನಲ್ಲಿದ್ದವು, ತೆಗೆದು ನೋಡಲಿಲ್ಲ. ಭಾನುವಾರ ಬೆಳಿಗ್ಗೆ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸುವ ಚಟ ಮಾತ್ರ ಹೋಗಲಿಲ್ಲ. ನಿಲ್ಲಿಸಿ, ಚಹಾ ಕುಡಿದು, ತೆಗೆದಿಡುತ್ತಿದ್ದೆ.

ಏಪ್ರಿಲ್ ಕೊನೆಗೆ ಮರ ಬಂತು. ಅದಕ್ಕೆ ಎಣ್ಣೆ ತಿಕ್ಕುವುದು ನನ್ನ ಕೆಲಸ. ಡಬ್ಬಿ ತೆರೆದರೆ ಅಗಸೆ ಎಣ್ಣೆ. ಶಸ್ತ್ರಾಗಾರದಿಂದ ಬಂದ ಅಪ್ಪನ ಕೈಗೆ ಇದೇ ವಾಸನೆ ಇರುತ್ತಿತ್ತು. ಅದೇ ಕೈಯಲ್ಲಿ ನನಗೆ ರೊಟ್ಟಿ ಮುರಿದು ಕೊಡುತ್ತಿದ್ದ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಒಂದು ವಾರ ತಿಕ್ಕಿದೆ, ಅರದಿಂದ ಒಳಗಿನ ಅಂಚು ಸವರಿ ಕೂರಿಸಿದೆ, ತಿರುಪು ಬಿಗಿದೆ. ಆಮೇಲೆ ಎತ್ತಿ ಹೆಗಲಿಗೆ ಇಟ್ಟೆ. ಗುರಿ ಹಿಡಿಯಲು ಮೇಲೆ ಕೂರಿಸಿದ್ದ ದುರ್ಬೀನಿನಲ್ಲಿ ಬರೀ ಕಪ್ಪು. ಕೆನ್ನೆ ಎಲ್ಲೋ, ಕಣ್ಣು ಎಲ್ಲೋ, ಬೆರಳ ತುದಿ ಮಾತ್ರ ಕುದುರೆಗೆ ತಾಗುತ್ತಿತ್ತು.

ತೋಳು ಮಡಚಿ ಟೇಪು ಹಿಡಿದೆ. ನನ್ನದು ಹದಿಮೂರೂ ಇಲ್ಲ. ಅವನು ಅಳೆದದ್ದು ತನ್ನ ತೋಳನ್ನು. ಜೀವಮಾನವೆಲ್ಲ ಬೇರೆಯವರ ಬಂದೂಕು ರಿಪೇರಿ ಮಾಡಿದವನಿಗೂ ಅದು ಹೊಳೆಯಲಿಲ್ಲ, ಹೂವಿನ ಜಗಳ ಕೇಳಿ ಬೆಳೆದ ನನಗೂ ಹೊಳೆಯಲಿಲ್ಲ. ಅಥವಾ ಅವನಿಗೆ ಹೊಳೆದಿತ್ತೇ? ಆ ಒಂದು ಗುಂಡಿನ ಆಸೆಯಲ್ಲಿ ಅವನ ಕೈ ತಾನಾಗಿ ಮಡಚಿತೇ? ಕೇಳೋಣವೆಂದರೆ ಅವನಿಲ್ಲ.

"ಒಂದೂವರಿ ಇಂಚು. ಕತ್ತರಿಸಿದ್ರ ಪ್ರಾಬ್ಲಮ್ಮ ಸಾಲ್ವ್ ಆತಲ್ಲ" ಎಂದ ಗಂಡ. ನನ್ನ ಮುಖ ನೋಡಿ ಮತ್ತೆ ಆ ಮಾತು ಎತ್ತಲಿಲ್ಲ. ಕ್ಲೈನ್‌ಬರ್ಗಿನ ಮುದುಕನ ಬಳಿಗೆ ಒಯ್ದೆ. ಅವನು ಪೆನ್ಸಿಲಿನಿಂದ ಗೆರೆ ಎಳೆದು, ಗರಗಸದ ಸ್ವಿಚ್ಚಿನ ಮೇಲೆ ಕೈ ಇಟ್ಟು, ಹತ್ತು ನಿಮಿಷದ ಕೆಲಸ ಎಂದ. ಬೇಡ ಎಂದು ಬಂದೂಕನ್ನು ಚೀಲಕ್ಕೆ ತುಂಬಿದೆ. ಅವನಿಗೆ ಸಿಟ್ಟು ಬಂತು. ಕೊಂಡವಳಿಗೇ ಹೊಂದದ ಬಂದೂಕು ತನ್ನ ಶೆಡ್ಡಿನಿಂದ ಹೋಗಬಾರದಂತೆ. ಅಪ್ಪನೂ ಅದನ್ನೇ ಹೇಳುತ್ತಿದ್ದ, ನನಗೆ ಗೊತ್ತು. ಆದರೆ ಆ ಮರದಲ್ಲಿ ಮೊಳಕೈಯಿಂದ ಬೆರಳಿನವರೆಗೆ ಅಪ್ಪನೇ ಇದ್ದ. ಅದರಲ್ಲಿ ಒಂದೂವರೆ ಇಂಚು ತೆಗೆಯಲು ನನ್ನಿಂದ ಆಗಲಿಲ್ಲ.

ಅಕ್ಟೋಬರಿನಲ್ಲಿ ಖಂಡೇಪೂಜೆ ಬಂತು. ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿ, ಬಂದೂಕಿಟ್ಟು, ಕುಂಕುಮ ಹಚ್ಚಿ, ಇಂಡಿಯನ್ ಅಂಗಡಿಯ ಚೆಂಡುಹೂ ಏರಿಸಿದೆ. ಮಾರನೆಯ ವಾರ ರೇಂಜಿಗೆ ಹೋದೆ. ಬೆಂಚಿನ ಮೇಲೆ ಮುಂದಕ್ಕೆ ಜಾರಿ, ಕತ್ತು ಉದ್ದ ಮಾಡಿ, ಹೇಗೋ ಒಂದು ಗುಂಡು ಹೊಡೆದೆ. ಅದು ಗುರಿಯ ಹಾಳೆಯ ಮೂಲೆಗೆ ಹೋಗಿ ಬಿತ್ತು. ಬೋಲ್ಟು ಹಿಂದಕ್ಕೆಳೆದು ಅದರ ಸದ್ದನ್ನು ಕೇಳುತ್ತ ಕೂತೆ.

ಪಕ್ಕದ ಬೆಂಚಿನವನು, ಗುರುತಿಲ್ಲದ ಮನುಷ್ಯ, ನನ್ನ ಪಾಡು ನೋಡುತ್ತಿದ್ದ. ನಿನಗೆ ತೀರಾ ಉದ್ದವಾಯಿತಲ್ಲ, ಇದು ನಿನ್ನದೇನಾ ಎಂದು ಕೇಳಿದ.

"ಅಲ್ಲ," ಅಂದೆ. "ನಮ್ಮಪ್ಪನದು."